ಕನ್ನಡಿ ದೆವ್ವದ ಶಾರ್ಟ್ ಫಿಲ್ಮ್ ಮಾಡೋದು ಹೇಗೆ: ಒಂದು ಮನೆ, ಇಬ್ರು ಆಕ್ಟರ್ಸ್, ಒಂದು ಹಳೇ ಬೀರು

ಹಾರರ್ ಶಾರ್ಟ್ ಫಿಲ್ಮ್ ಮಾಡ್ತೀನಿ ಅಂತ ಹೊರಟೋರು ಮೊದ್ಲು ದುಡ್ಡು ಸುರಿಯೋದೇ ದೆವ್ವದ ಮೇಲೆ. ಬಿಳಿ ಸೀರೆ, ವಿಗ್ಗು, ಕಣ್ಣಿಗೆ ಲೆನ್ಸು, ಮೇಕಪ್ ಮಾಡೋರಿಗೆ ಬಾಟಾ, ಇಷ್ಟೆಲ್ಲಾ ಆಗಿ ಕೊನೆಗೆ ಸ್ಕ್ರೀನ್ ಮೇಲೆ ಅದು ಬಂದಾಗ ನೋಡೋರು ಕಿಸಕ್ ಅಂತ ನಗ್ತಾರೆ. ಅದ್ರ ಬದ್ಲು ಒಂದು ವಸ್ತು ಇಟ್ಕೊಂಡು ಕಥೆ ಮಾಡಿ. ವಸ್ತುಗೆ ಡೇಟ್ಸ್ ಬೇಡ, ಊಟ ಬೇಡ, ಓವರ್ ಆಕ್ಟಿಂಗ್ ಅಂತೂ ಮಾಡೋದೇ ಇಲ್ಲ. ಆದ್ರೆ ಒಂದು ಕಂಡೀಷನ್ ಇದೆ, ಆ ವಸ್ತು ಏನೂ ಮಾಡಬಾರ್ದು. ಅಲ್ಲಾಡಬಾರ್ದು, ಹಾರಬಾರ್ದು, ರಕ್ತ ಸುರಿಸಬಾರ್ದು. ಅದು ಸುಮ್ನೆ ಅಲ್ಲೇ ಇರ್ಬೇಕು, ಹಾಳಾಗ್ಬೇಕಿರೋದು ಅದ್ರ ಸುತ್ತ ಇರೋರ ತಲೆ, ಆಮೇಲೆ ನೋಡೋರ ತಲೆ. ಈ ಬರಹ ಪೂರ್ತಿ ಅದನ್ನ ಹೇಗೆ ಮಾಡೋದು ಅನ್ನೋದ್ರ ಬಗ್ಗೆನೇ.

ಪಾಠಕ್ಕೆ ನಾನು ಇಟ್ಕೊಂಡಿರೋ ಸಿನಿಮಾ ಮೈಕ್ ಫ್ಲಾನಗನ್‌ದು, ಆಕ್ಯುಲಸ್. 2013ರಲ್ಲಿ ಟೊರಾಂಟೊ ಫಿಲ್ಮ್ ಫೆಸ್ಟಿವಲ್‌ನಲ್ಲಿ ಮೊದ್ಲು ತೋರಿಸಿದ್ದು, 2014 ಏಪ್ರಿಲ್‌ನಲ್ಲಿ ಅಮೆರಿಕದ ಥಿಯೇಟರ್‌ಗಳಿಗೆ ಬಂತು, ಸುಮಾರು 50 ಲಕ್ಷ ಡಾಲರ್ ಹಾಕಿ ಸುಮಾರು 4.4 ಕೋಟಿ ಡಾಲರ್ ತೆಗೆದ್ರು. ನಮ್ಗೆ ಮುಖ್ಯ ಆಗೋದು ಈ ಲೆಕ್ಕ ಅಲ್ಲ, ಅದಕ್ಕೂ ಮುಂಚೆ ಅದೇ ಡೈರೆಕ್ಟರ್ ಇದೇ ಐಡಿಯಾನ ಒಂದು ಶಾರ್ಟ್ ಫಿಲ್ಮ್ ಮಾಡಿದ್ರು, ಅದ್ರಲ್ಲಿ ಒಂದು ರೂಮು, ಒಬ್ಬ ಆಕ್ಟರ್, ಒಂದು ಕನ್ನಡಿ, ಮುಗೀತು. ಅಂದ್ರೆ ನಿಮ್ ಕೈಲೂ ಆಗತ್ತೆ. ಹಿಂದೀಲಿ ಇದನ್ನೇ 2017ರಲ್ಲಿ ದೊಬಾರಾ ಅಂತ ಮಾಡಿದ್ರು, ಹುಮಾ ಖುರೇಷಿ ಮತ್ತೆ ಅವ್ರ ನಿಜವಾದ ತಮ್ಮ ಸಾಕಿಬ್ ಸಲೀಂ ಅಕ್ಕ ತಮ್ಮ ಆಗಿ. ಮುಂದೆ ಓದೋರಿಗೆ ಹೇಳ್ಬಿಡ್ತೀನಿ, ಆಕ್ಯುಲಸ್ ನೋಡಿಲ್ಲ ಅಂದ್ರೆ ನೋಡ್ಕೊಂಡ್ ಬನ್ನಿ, ಇಲ್ಲಿ ಕಥೆ ಪೂರ್ತಿ ಬಿಚ್ಚಿಡ್ತೀನಿ.

ಕಥೆ ಇಷ್ಟೇ. ಒಂದು ಹಳೇ ದೊಡ್ಡ ಕನ್ನಡಿ ಮನೆಗೆ ಬರತ್ತೆ, ಅಪ್ಪ ಅಮ್ಮ ಇಬ್ರೂ ಕೆಟ್ಟು ಹೋಗ್ತಾರೆ, ಸಾಯ್ತಾರೆ, ಹುಡುಗನ್ನ ಮಾನಸಿಕ ಆಸ್ಪತ್ರೆಗೆ ಹಾಕ್ತಾರೆ. 11 ವರ್ಷ ಆದ್ಮೇಲೆ ಅವನು ಹೊರಗೆ ಬಂದಾಗ ಅಕ್ಕ ಆ ಕನ್ನಡಿನ ಅದೇ ಮನೆಗೆ ತಂದು, ಕ್ಯಾಮೆರಾ, ಟೈಮರ್, ಗಿಡಗಳು, ನಾಯಿ ಎಲ್ಲಾ ಇಟ್ಕೊಂಡು ಇದರದ್ದೇ ತಪ್ಪು ಅಂತ ಪ್ರೂವ್ ಮಾಡ್ತೀನಿ ಅಂತ ಕೂರ್ತಾಳೆ. ತಮ್ಮ ಹೇಳ್ತಾನೆ, ದೆವ್ವನೂ ಇಲ್ಲ ಏನೂ ಇಲ್ಲ, ಅಪ್ಪಂಗೆ ಹುಚ್ಚು ಹಿಡಿದಿತ್ತು, ನಾವು ಚಿಕ್ಕೋರು, ಏನೇನೋ ಕಲ್ಪಿಸ್ಕೊಂಡ್ವಿ ಅಂತ. ಈ ಜಗಳದಲ್ಲೇ ಸಿನಿಮಾದ ಅರ್ಧ ಕೆಲ್ಸ ಮುಗಿದಿದೆ ನೋಡಿ. ದೆವ್ವ ಬರೋಕೂ ಮುಂಚೆನೇ ನೋಡೋನು ಯಾರನ್ನ ನಂಬೋದು ಅಂತ ಒದ್ದಾಡ್ತಾ ಇರ್ತಾನೆ.

ಈಗ ನಿಮ್ ಸಿನಿಮಾಗೆ ಬರೋಣ. ಮೊದ್ಲು ವಸ್ತು ಆರಿಸ್ಕೊಳಿ. ನಮ್ಮೂರಲ್ಲಿ ಗಿಲೀಟು ಹಾಕಿರೋ ಯುರೋಪಿಯನ್ ಫ್ರೇಮ್ ಕನ್ನಡಿ ಹುಡುಕೋಕೆ ಹೋಗ್ಬೇಡಿ, ಸಿಕ್ರೂ ಸೆಟ್ ಹಾಕಿದಂಗೇ ಕಾಣತ್ತೆ. ನೋಡೋರ ಮನೇಲೂ ಇರೋಂಥದ್ದು ಬೇಕು. ಅಜ್ಜಿ ಮನೆ ಕಬ್ಬಿಣದ ಬೀರು ಬಾಗಿಲಿಗೆ ಇರೋ ಉದ್ದ ಕನ್ನಡಿ ಇದ್ಯಲ್ಲ, ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ, ಅಂಚಲ್ಲಿ ಹಿಂದಿನ ಲೇಪ ಎದ್ದು ಕಪ್ಪು ಕಪ್ಪಗೆ ಆಗಿರತ್ತೆ, ಮೂಲೇಲಿ ಯಾರೋ ಯಾವಾಗ್ಲೋ ಅಂಟಿಸಿರೋ ಬಿಂದಿ ಹಂಗೇ ಇರತ್ತೆ. ಆ ಬಿಂದಿ ಬಿಟ್ಬಿಡಿ, ತೆಗೀಬೇಡಿ, ಆಮೇಲೆ ಕೆಲ್ಸಕ್ಕೆ ಬರತ್ತೆ. ತೊಟ್ಟಿಲು, ದಸರಾ ಪಟ್ಟದ ಗೊಂಬೆ, ಗೋಡೆ ಗಡಿಯಾರ, ಇವೂ ಆಗ್ತವೆ, ಆದ್ರೆ ಗೊಂಬೆ ಅಂದ ಕೂಡ್ಲೇ ನೋಡೋನಿಗೆ ಮುಂದಿಂದು ಗೊತ್ತಾಗ್ಬಿಡತ್ತೆ. ಕನ್ನಡಿದು ಒಂದು ಲಾಭ ಇದೆ, ರಾತ್ರಿ ಕನ್ನಡಿ ನೋಡ್ಬಾರ್ದು, ಒಡೆದ ಕನ್ನಡಿ ಮನೇಲಿ ಇಡ್ಬಾರ್ದು ಅಂತ ಬೈಸ್ಕೊಂಡೇ ನಾವೆಲ್ಲಾ ಬೆಳ್ದಿರೋದು, ನಿಮ್ ಕೆಲ್ಸ ಅಜ್ಜಿಯರು ಆಗ್ಲೇ ಮಾಡಿಟ್ಟಿದಾರೆ.

ಆಮೇಲೆ ರೂಲ್. ಈ ವಸ್ತು ಏನು ಮಾಡತ್ತೆ ಅನ್ನೋದು ಒಂದೇ ಸಾಲಲ್ಲಿ ಬರ್ಬೇಕು. ಬೆಂಗ್ಳೂರಲ್ಲಿ ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆಲ್ಲಾ ನಾಳೆ ಬಾ ಅಂತ ಬರೀತಿದ್ರಲ್ಲ, ದೆವ್ವ ಗೊತ್ತಿರೋರ ದನೀಲಿ ಕರಿಯತ್ತೆ, ಬಾಗಿಲು ತೆಗ್ದ್ರೆ ಸತ್ರಿ, ಬರಹ ಓದಿ ವಾಪಸ್ ಹೋಗತ್ತೆ, ನಾಳೆ ಮತ್ತೆ ಬಂದು ಮತ್ತೆ ಓದತ್ತೆ. ಎರಡು ಪದದಲ್ಲಿ ಪೂರ್ತಿ ಸ್ಕ್ರೀನ್‌ಪ್ಲೇ ಇದೆ ಅಲ್ಲಿ. ನಿಮ್ದೂ ಹಂಗೇ ಇರ್ಲಿ. ನಾನಿಲ್ಲಿ ಉದಾಹರಣೆಗೆ ಒಂದು ಇಟ್ಕೋತೀನಿ: ಈ ಬೀರು ಕನ್ನಡಿ ಮುಂದೆ ನಿಂತೋರ ಟೈಮ್ ಕಳೆದು ಹೋಗತ್ತೆ, ಆದ್ರೆ ಕಳೀತು ಅಂತ ಅವ್ರಿಗೆ ಗೊತ್ತಾಗಲ್ಲ. ಅಷ್ಟೇ. ಯಾಕೆ ಹಿಂಗೆ, ಇದ್ರಲ್ಲಿ ಯಾರ ಆತ್ಮ ಇದೆ, ಯಾವ ಮಂತ್ರವಾದಿ ಮಾಡಿಟ್ಟ, ಇದೆಲ್ಲಾ ಬರೀಲೇಬೇಡಿ. ಆಕ್ಯುಲಸ್‌ನಲ್ಲಿ ಕನ್ನಡಿ ಯಾರ್ಯಾರ ಮನೇಲಿತ್ತು, ಅವ್ರೆಲ್ಲಾ ಹೇಗೆ ಸತ್ರು ಅಂತ ಉದ್ದಕ್ಕೆ ಪಟ್ಟಿ ಕೊಡ್ತಾರೆ, ಆದ್ರೆ ಅದಕ್ಕೆ ಆ ಶಕ್ತಿ ಎಲ್ಲಿಂದ ಬಂತು ಅಂತ ಒಂದು ಮಾತೂ ಹೇಳಲ್ಲ. ಫ್ಲ್ಯಾಶ್‌ಬ್ಯಾಕ್‌ನಲ್ಲಿ ಕಾರಣ ಹೇಳಿದ ತಕ್ಷಣ ಭಯ ಹೋಗಿ ಸೆಂಟಿಮೆಂಟ್ ಬಂದ್ಬಿಡತ್ತೆ, ನಮ್ ಕಡೆ ದೆವ್ವದ ಸಿನಿಮಾಗಳಲ್ಲಿ ಇಂಟರ್ವಲ್ ಆದ್ಮೇಲೆ ಆಗೋದು ಇದೇ.

ಇನ್ನು ಬರವಣಿಗೆ. ಇಲ್ಲಿ ಜನ ಮಾಡೋ ಶಾರ್ಟ್‌ಕಟ್ ಏನಂದ್ರೆ, ಗೊಂದಲ ಬೇಕಲ್ವಾ ಅಂತ ಬರೆಯೋರೂ ಗೊಂದಲದಲ್ಲೇ ಬರೀತಾರೆ. ತಪ್ಪು. ಒಂದು ಹಾಳೆ ತಗೊಂಡು ನಿಜವಾಗ್ಲೂ ಏನಾಯ್ತು ಅಂತ ಗಂಟೆ ಗಂಟೆ ಲೆಕ್ಕದಲ್ಲಿ ಬರ್ಕೊಳಿ, ಆರೂವರೆಗೆ ಅಕ್ಕ ತಮ್ಮ ಅಜ್ಜಿ ಮನೆಗೆ ಬಂದ್ರು, ಆರೂಮುಕ್ಕಾಲಿಗೆ ಅಕ್ಕ ಅಡುಗೆಗೆ ಇಟ್ಲು, ಏಳಕ್ಕೆ ತಮ್ಮ ಬೀರು ಖಾಲಿ ಮಾಡೋಕೆ ನಿಂತ, ಹಿಂಗೆ ಬೆಳಗಾಗೋ ತನಕ. ಪಕ್ಕದಲ್ಲೇ ಇನ್ನೊಂದು ಸಾಲು ಎಳ್ದು ಅಕ್ಕಂಗೆ ಏನು ಆಗ್ತಿದೆ ಅನ್ಸತ್ತೆ, ಮೂರನೇ ಸಾಲಲ್ಲಿ ತಮ್ಮಂಗೆ ಏನು ಅನ್ಸತ್ತೆ. ಮೂರೂ ಒಂದೇ ಆಗಿರೋ ಜಾಗ ಸ್ವಲ್ಪ ಇರ್ಲಿ, ಬೇರೆ ಆಗೋ ಜಾಗಗಳೇ ನಿಮ್ ಸೀನ್‌ಗಳು. ಮೊದಲನೇ ಸಾಲು ಸಿನಿಮಾದಲ್ಲಿ ಎಲ್ಲೂ ತೋರಿಸ್ಬೇಕಾಗಿಲ್ಲ, ಆದ್ರೆ ನಿಮ್ ಹತ್ರ ಇರ್ಲೇಬೇಕು, ಇಲ್ಲಾಂದ್ರೆ ಶೂಟಿಂಗ್ ದಿನ ಆಕ್ಟರ್ ಬಂದು ಸರ್ ನಾನೀಗ ನಿಜವಾಗ್ಲೂ ಇಲ್ಲಿದೀನಾ ಅಂತ ಕೇಳಿದ್ರೆ ಉತ್ರ ಇರಲ್ಲ. ನೋಡೋನಿಗೆ ಅರ್ಥ ಆಗ್ದೇ ಇದ್ರೆ ಪರವಾಗಿಲ್ಲ, ಆದ್ರೆ ಮಾಡಿದೋನಿಗೂ ಅರ್ಥ ಆಗಿಲ್ಲ ಅಂತ ಅವನಿಗೆ ಗೊತ್ತಾಗ್ಬಾರ್ದು.

ಈಗ ಬರೋದು ನನ್ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಅಳತೆ ಕೋಲು. ನೋಡೋನ ಕೈಗೆ ನೀವೇ ಒಂದು ಅಳತೆ ಕೊಡ್ಬೇಕು, ಇದನ್ನ ನೋಡ್ಕೊಂಡ್ರೆ ನಿಜ ಯಾವ್ದು ಸುಳ್ಳು ಯಾವ್ದು ಗೊತ್ತಾಗತ್ತೆ ಅಂತ ನಂಬಿಸ್ಬೇಕು, ಆಮೇಲೆ ಅದನ್ನೇ ಮುರೀಬೇಕು. ಆಕ್ಯುಲಸ್‌ನಲ್ಲಿ ಅಕ್ಕ ಎರಡು ಕ್ಯಾಮೆರಾ ಇಟ್ಟಿರ್ತಾಳೆ, ಕಣ್ಣಿಗೆ ಮೋಸ ಆದ್ರೂ ಕ್ಯಾಮೆರಾಗೆ ಆಗಲ್ಲ ಅನ್ನೋ ಧೈರ್ಯ. ಒಂದ್ಸಲ ಇಬ್ರೂ ಜಗಳ ಆಡಿ ನೋಡ್ತಾರೆ, ಕ್ಯಾಮೆರಾಗಳು ಒಂದಕ್ಕೊಂದು ಮುಖ ಮಾಡ್ಕೊಂಡು ನಿಂತಿವೆ. ರೆಕಾರ್ಡಿಂಗ್ ಹಾಕಿ ನೋಡಿದ್ರೆ ತಿರುಗಿಸಿದ್ದು ಬೇರೆ ಯಾರೂ ಅಲ್ಲ, ಇವ್ರೇ. ಇಬ್ರಿಗೂ ನೆನಪಿಲ್ಲ. ಅಲ್ಲಿಂದ ಮುಂದೆ ಸಿನಿಮಾದಲ್ಲಿ ಏನು ತೋರಿಸಿದ್ರೂ ನಾವು ಕುರ್ಚಿ ಅಂಚಿಗೆ ಕೂತೇ ನೋಡೋದು, ಯಾಕಂದ್ರೆ ಹಿಡ್ಕೊಂಡಿದ್ದ ಕಂಬನೇ ಹೋಯ್ತಲ್ಲ.

ಕ್ಯಾಮೆರಾ ಐಡಿಯಾನ ಹಂಗೇ ಎತ್ಕೋಬೇಡಿ, ನಮ್ ಮನೆ ಅಳತೆ ಕೋಲು ಕುಕ್ಕರ್. ಸೀರಿಯಸ್ಸಾಗಿ ಹೇಳ್ತಿದೀನಿ. ಅಕ್ಕ ಕುಕ್ಕರ್ ಇಟ್ಟು, ಲೋ, ಮೂರು ವಿಷಲ್ ಆದ್ಮೇಲೆ ಆಫ್ ಮಾಡೋ ಅಂತ ಕೂಗಿ ಹೇಳ್ತಾಳೆ. ಮೊದಲ್ನೇ ಸೀನ್‌ನಲ್ಲಿ ಇದು ಸರಿಯಾಗೇ ನಡೀಲಿ, ಮೂರು ವಿಷಲ್ ಬರತ್ತೆ, ತಮ್ಮ ಆಫ್ ಮಾಡ್ತಾನೆ, ಅನ್ನ ಸಾರು ತಿಂತಾರೆ. ನೋಡೋನು ಗೊತ್ತಿಲ್ದೇ ಎಣಿಸೋಕೆ ಕಲ್ತ. ಎರಡನೇ ಸಲ ತಮ್ಮ ಕನ್ನಡಿ ಮುಂದೆ ಬಟ್ಟೆ ಮಡಚ್ತಾ ಇದಾನೆ, ಒಂದು ವಿಷಲ್ ಕೇಳಿಸ್ತು, ಎರಡು ಕೇಳಿಸ್ತು, ಮೂರನೇದು ಬರಲ್ಲ. ಶಾಟ್ ಕಟ್ ಮಾಡ್ದೇ ಹಂಗೇ ಹಿಡ್ಕೊಳಿ, ನೋಡೋನು ಕಾಯ್ತಾ ಇರ್ತಾನೆ. ತಮ್ಮ ಅಡುಗೆಮನೆಗೆ ಹೋಗಿ ನೋಡ್ತಾನೆ, ಕುಕ್ಕರ್ ತೊಳೆದು ಬೋರಲು ಹಾಕಿದೆ, ಒಣಗಿ ಹೋಗಿದೆ, ಕಿಟಕಿ ಆಚೆ ಬೆಳಕಾಗಿದೆ. ಮೂರನೇ ಸಲ ಇನ್ನೂ ಒಂದು ಹೆಜ್ಜೆ ಮುಂದೆ, ವಿಷಲ್ ಕೇಳಿಸ್ತಾ ಇದೆ ಆದ್ರೆ ಮನೇಲಿ ಗ್ಯಾಸೇ ಇಲ್ಲ, ಸಿಲಿಂಡರ್ ತಗೊಂಡು ಹೋಗಿ ಆಯ್ತು ಅಂತ ಆಗ್ಲೇ ಒಂದು ಮಾತಲ್ಲಿ ಹೇಳಿರ್ಬೇಕು. ಮೂರೇ ಸಲ ಸಾಕು, ನಾಲ್ಕನೇ ಸಲ ಕಾಮಿಡಿ ಆಗತ್ತೆ.

ಮುಂಚೆನೇ ಹೇಳಿರ್ಬೇಕು ಅಂದ್ನಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಆಕ್ಯುಲಸ್ ನೋಡಿದೋರಿಗೆಲ್ಲಾ ಮರೆಯಕ್ಕೇ ಆಗ್ದೇ ಇರೋದು ಸೇಬಿನ ಸೀನು. ಅಕ್ಕ ಸೇಬು ತಿಂತಾ ಬಲ್ಬ್ ಬದಲಾಯಿಸ್ತಿರ್ತಾಳೆ, ಒಂದು ಕೈಲಿ ಅದು ಒಂದು ಕೈಲಿ ಇದು, ಕಚ್ಚಿದ್ರೆ ಬಾಯ್ತುಂಬಾ ಗಾಜು, ರಕ್ತ, ಮರುಕ್ಷಣ ನೋಡಿದ್ರೆ ಕೈಲಿರೋದು ಸೇಬೇ, ಬಾಯಿಗೆ ಏನೂ ಆಗಿಲ್ಲ. ಆ ಸೀನ್ ಕೆಲ್ಸ ಮಾಡೋದು ಗಾಜಿಂದ ಅಲ್ಲ, ಎರಡು ವಸ್ತೂನೂ ನಮ್ ಕಣ್ಣೆದುರೇ ಇಟ್ಟು, ನಾವು ತಲೆ ಕೆಡಿಸ್ಕೊಳ್ದೇ ಇರೋ ಹಂಗೆ ಮಾಡಿದ್ರಲ್ಲ, ಅದ್ರಿಂದ. ನೀವು ಏನು ಅದಲು ಬದಲು ಮಾಡ್ಬೇಕು ಅಂತಿದೀರೋ ಆ ಎರಡನ್ನೂ ಎರಡು ನಿಮಿಷ ಮುಂಚೆ ಒಂದೇ ಫ್ರೇಮ್‌ನಲ್ಲಿ ತೋರ್ಸಿ, ಯಾವುದೋ ಬೇರೆ ಮಾತಾಡ್ತಾ ತೋರ್ಸಿ. ಗಾಜು ಬಾಯಿಗೆ ಹಾಕೋ ಸಾಹಸ ಮಾತ್ರ ಬೇಡ, ದೊಡ್ಡ ಸಿನಿಮಾದೋರು ಇಂಥದ್ದಕ್ಕೆಲ್ಲಾ ಸಕ್ಕರೆ ಪಾಕದ ಗಾಜು ಮಾಡಿಸ್ಕೋತಾರೆ, ನಿಮ್ಗೆ ಅದಿಲ್ಲ. ಉಪ್ಪಿನಕಾಯಿ ಬದ್ಲು ಇನ್ನೇನೋ, ಕುಂಕುಮದ ಬದ್ಲು ಖಾರದ ಪುಡಿ, ಇಷ್ಟ್ರಲ್ಲೇ ಹೊಟ್ಟೆ ತೊಳೆಸೋ ಹಂಗೆ ಮಾಡ್ಬೋದು.

ಡೈಲಾಗ್‌ಗೆ ಒಂದು ಮಾತು. ಅಕ್ಕ ತಮ್ಮ ದೆವ್ವದ ಬಗ್ಗೆ ಮಾತಾಡಬಾರ್ದು, ನೆನಪಿನ ಬಗ್ಗೆ ಮಾತಾಡ್ಬೇಕು. ಎಲಿಜಬೆತ್ ಲಾಫ್ಟಸ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞೆ, ಅವ್ರು 1995ರಲ್ಲಿ ಜಾಕ್ವೆಲಿನ್ ಪಿಕ್ರೆಲ್ ಜೊತೆ ಪ್ರಕಟಿಸಿದ ಪ್ರಯೋಗದಲ್ಲಿ 24 ಜನಕ್ಕೆ ನೀನು ಚಿಕ್ಕೋನಿದ್ದಾಗ ಮಾಲ್‌ನಲ್ಲಿ ಕಳೆದು ಹೋಗಿದ್ದೆ ಅಂತ ಮನೆಯೋರು ಹೇಳಿದಂಗೆ ಸುಳ್ಳು ಕಥೆ ಕೊಟ್ರು, ಸುಮಾರು ಕಾಲು ಭಾಗ ಜನ ಹೌದು ನಂಗೆ ಪೂರ್ತಿಯೋ ಸ್ವಲ್ಪನೋ ನೆನಪಿದೆ ಅಂದ್ರು. ನಡೀದೇ ಇರೋದು! ಹಂಗಾಗಿ ನಿಮ್ ಡೈಲಾಗ್ ಹಿಂಗಿರ್ಲಿ:

"ಅಕ್ಕಾ, ಈ ಬೀರು ಹಾಲ್‌ನಲ್ಲಿ ಇತ್ತಲ್ವಾ?"
"ಇಲ್ಲ ಕಣೋ, ಯಾವಾಗ್ಲೂ ಇಲ್ಲೇ ಇತ್ತು. ನೀನು ಇದ್ರೊಳಗೆ ಬಚ್ಚಿಟ್ಕೊಂಡು ನಿದ್ದೆ ಮಾಡ್ಬಿಟ್ಟಿದ್ದೆ, ಅಜ್ಜಿ ಊರೆಲ್ಲಾ ಹುಡುಕಿದ್ರು, ಮರ್ತ್ಬಿಟ್ಯಾ?"
"ಅದು ನಾನಲ್ಲ. ನೀನು."

ಸಾಕು, ಸೀನ್ ಮುಗ್ಸಿ. ಯಾರು ಸರಿ ಅಂತ ಯಾವತ್ತೂ ಹೇಳ್ಬೇಡಿ.

ಇನ್ನು ಶೂಟಿಂಗ್, ಕನ್ನಡಿ ಅಂದ್ರೆ ಎಲ್ರೂ ಒದ್ದಾಡೋದು ಕ್ಯಾಮೆರಾ ಕಾಣತ್ತೆ ಅಂತ. ಕನ್ನಡಿಗೆ ನೇರ ನಿಲ್ಲಬೇಡಿ, ಪಕ್ಕಕ್ಕೆ ನಿಂತು ಓರೆಯಾಗಿ ಹಿಡೀರಿ, ಬೆಳಕು ಯಾವ ಕೋನದಲ್ಲಿ ಬೀಳತ್ತೋ ಅದೇ ಕೋನದಲ್ಲಿ ಆಚೆ ಹೋಗತ್ತೆ, ಸ್ಕೂಲಲ್ಲಿ ಓದಿದ್ದೇ. ಸುಲಭದ ಟೆಸ್ಟ್ ಏನಂದ್ರೆ ಕ್ಯಾಮೆರಾ ಜಾಗದಿಂದ ಕನ್ನಡೀಲಿ ಆಕ್ಟರ್ ಕಣ್ಣು ಕಂಡ್ರೆ ಆಕ್ಟರ್‌ಗೂ ಕನ್ನಡೀಲಿ ಕ್ಯಾಮೆರಾ ಕಾಣತ್ತೆ, ಹಂಗಾಗಿ ಅವ್ರಿಗೆ ತಮ್ಮ ಮುಖ ನೋಡ್ಕೊಳೋ ಹಂಗೆ ಆಕ್ಟ್ ಮಾಡೋಕೆ ಲೆನ್ಸ್ ನೋಡೋಕೆ ಹೇಳಿ, ಇಲ್ಲಾ ಲೆನ್ಸ್ ಪಕ್ಕ. ಬೀರು ಬಾಗಿಲಾದ್ರೆ ಇನ್ನೂ ಸುಲಭ, ಎರಡು ಬೆರಳು ಸಂದಿ ಬಿಟ್ಟು ಬಾಗಿಲು ತೆಗ್ದಿಡಿ, ಆಂಗಲ್ ತಾನೇ ಬದಲಾಗತ್ತೆ, ಯಾರಿಗೂ ಗೊತ್ತಾಗಲ್ಲ. ಟ್ರೈಪಾಡ್‌ಗೆ ಕಪ್ಪು ಬಟ್ಟೆ ಸುತ್ತಿ, ನೀವೂ ಕಪ್ಪು ಬಟ್ಟೆ ಹಾಕ್ಕೊಳಿ, ಹಿಂದೆ ಕತ್ತಲೆ ಇರ್ಲಿ.

ಫೋಕಸ್ ವಿಷ್ಯ ತುಂಬಾ ಜನಕ್ಕೆ ಗೊತ್ತಿಲ್ಲ. ಕನ್ನಡಿ ಒಳಗಿನ ಮುಖಕ್ಕೆ ಫೋಕಸ್ ಮಾಡ್ಬೇಕು ಅಂದ್ರೆ ದೂರ ಅಂದ್ರೆ ಕನ್ನಡಿ ತನಕ ಅಲ್ಲ, ಕ್ಯಾಮೆರಾದಿಂದ ಕನ್ನಡಿ, ಕನ್ನಡಿಯಿಂದ ಮುಖ, ಎರಡೂ ಸೇರ್ಸಿ. ಕ್ಯಾಮೆರಾ ನಾಲ್ಕಡಿ ದೂರ ಇದ್ದು ಆಕ್ಟರ್ ಮೂರಡಿ ದೂರ ಇದ್ರೆ ಫೋಕಸ್ ಏಳಡಿಗೆ. ಇಲ್ಲೇ ಆ ಬಿಂದಿ ಕೆಲ್ಸಕ್ಕೆ ಬರೋದು, ಅದು ಗಾಜಿನ ಮೇಲಿದೆ, ಅಂದ್ರೆ ನಾಲ್ಕಡಿಗೆ. ಮೊದ್ಲು ಬಿಂದಿ ಶಾರ್ಪ್ ಇದ್ದು ಮುಖ ಮಸುಕು, ನಿಧಾನಕ್ಕೆ ಫೋಕಸ್ ಹಿಂದಕ್ಕೆ ಹೋಗಿ ಮುಖ ಶಾರ್ಪ್ ಆದಾಗ ಅದು ಬೇರೆ ಯಾರದ್ದೋ ಮುಖ ಅಂತ ತೋರ್ಸಿದ್ರೆ ಒಂದು ರೂಪಾಯಿ ಖರ್ಚಿಲ್ದೇ ಎದೆ ಧಸಕ್ ಅನ್ನತ್ತೆ. ಫೋನ್‌ನಲ್ಲಿ ಶೂಟ್ ಮಾಡೋರು ಸ್ಕ್ರೀನ್ ಒತ್ತಿ ಹಿಡಿದು ಫೋಕಸ್ಸೂ ಎಕ್ಸ್‌ಪೋಷರ್ರೂ (ಅಂದ್ರೆ ಬೆಳಕಿನ ಮಟ್ಟ) ಲಾಕ್ ಮಾಡಿ, ಇಲ್ಲಾಂದ್ರೆ ಫೋನೇ ಹೆದರಿದಂಗೆ ಹಿಂದೆ ಮುಂದೆ ಆಡ್ತಾ ಇರತ್ತೆ. ಇನ್ನೊಂದು, ನಮ್ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್, ಸಸ್ತಾ ಎಲ್ಇಡಿ ಎಲ್ಲಾ ಸೆಕೆಂಡಿಗೆ 100 ಸಲ ಮಿಣುಕ್ತವೆ, ಕ್ಯಾಮೆರಾದ ಶಟರ್ ಸ್ಪೀಡ್ 1/50 ಸೆಕೆಂಡ್‌ಗೆ ಇಡಿ, ಗೆರೆ ಗೆರೆ ಓಡಲ್ಲ.

ಕನ್ನಡಿ ಒಳಗಿನೋನು ಒಂದು ಚೂರು ತಡವಾಗಿ ತಿರುಗೋ ಶಾಟ್ ಎಲ್ರಿಗೂ ಬೇಕು. ಟ್ರೈಪಾಡ್ ಅಲ್ಲಾಡ್ದಂಗೆ ಇಟ್ಟು ಒಂದೇ ಟೇಕ್ ಸಾಕು, ಎಡಿಟಿಂಗ್‌ನಲ್ಲಿ ಅದೇ ಕ್ಲಿಪ್ ಎರಡು ಲೇಯರ್ ಹಾಕಿ, ಮೇಲಿನದ್ರಲ್ಲಿ ಕನ್ನಡಿ ಭಾಗ ಮಾತ್ರ ಉಳಿಯೋ ಹಂಗೆ ಮಾಸ್ಕ್ ಮಾಡಿ, ಅದು ಕೆಲವು ಫ್ರೇಮ್ ತಡವಾಗಿ ಶುರುವಾಗೋ ಹಂಗೆ ಸರ್ಸಿ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ ಫ್ರೀ ವರ್ಷನ್‌ನಲ್ಲೇ ಆಗತ್ತೆ. ಆಕ್ಟರ್ ದೇಹ ಕನ್ನಡಿ ಅಂಚನ್ನ ದಾಟದಂಗೆ ನಿಲ್ಲಿಸಿದ್ರೆ ಮಾಸ್ಕ್ ಐದು ನಿಮಿಷದ ಕೆಲ್ಸ, ದಾಟಿದ್ರೆ ರಾತ್ರಿಯೆಲ್ಲಾ ಕೂತ್ಕೊಳಿ. ತಡ ಎಷ್ಟಿರ್ಬೇಕು ಅಂದ್ರೆ ನೋಡೋನು ಈಗ ನಾನು ನೋಡಿದ್ದು ನಿಜನಾ ಅಂತ ಪಕ್ಕದೋನನ್ನ ಕೇಳ್ಬೇಕು, ಅಷ್ಟೇ, ಅರ್ಧ ಸೆಕೆಂಡ್ ಮೇಲೆ ಹೋದ್ರೆ ಟ್ರಿಕ್ ಅಂತ ಗೊತ್ತಾಗತ್ತೆ.

ಎಡಿಟಿಂಗ್ ಬರಲ್ಲ ಅನ್ನೋರಿಗೆ ಹಳೇ ವಿದ್ಯೆ ಇದೆ. ಲಂಡನ್‌ನಲ್ಲಿ 1862ರ ಕ್ರಿಸ್ಮಸ್ ಹಿಂದಿನ ದಿನ ಜಾನ್ ಹೆನ್ರಿ ಪೆಪ್ಪರ್ ಅನ್ನೋರು ಸ್ಟೇಜ್ ಮೇಲೆ ದೆವ್ವ ಬರಿಸಿದ್ರು, ಮುಂದೆ ಓರೆಯಾಗಿ ದೊಡ್ಡ ಗಾಜು, ಜನಕ್ಕೆ ಕಾಣದ ಜಾಗದಲ್ಲಿ ಆಕ್ಟರ್, ಅವನ ಮೇಲೆ ಬೆಳಕು ಬಿಟ್ರೆ ಗಾಜಲ್ಲಿ ಮೂಡ್ತಾನೆ, ಆರಿಸಿದ್ರೆ ಮಾಯ. ನಿಮ್ಗೆ ಬೇಕಾಗಿರೋದು ಒಂದು ಸಾದಾ ಗಾಜು, ಅದಕ್ಕೆ ಒಂದು ಕಡೆಯಿಂದ ಮಾತ್ರ ಕಾಣೋ ಕಿಟಕಿ ಫಿಲ್ಮ್, ಗಾಜಿನ ಅಂಗಡೀಲೇ ಅಂಟಿಸಿ ಕೊಡ್ತಾರೆ. ಬೆಳಕು ಇರೋ ಕಡೆಯಿಂದ ಅದು ಕನ್ನಡಿ, ಕತ್ತಲೆ ಕಡೆಯಿಂದ ಬರೀ ಗಾಜು. ಇದನ್ನ ಬೀರು ಬಾಗಿಲಿನ ಜಾಗದಲ್ಲಿ ನಿಲ್ಸಿ, ಹಿಂದೆ ಕತ್ತಲಲ್ಲಿ ಅಕ್ಕನ್ನ ನಿಲ್ಸಿ, ಮುಂದೆ ತಮ್ಮ ತಲೆ ಬಾಚ್ಕೊಳ್ತಾ ಇರ್ಲಿ. ಮುಂದಿನ ಲೈಟ್ ನಿಧಾನಕ್ಕೆ ಇಳಿಸ್ತಾ ಹಿಂದಿನ ಲೈಟ್ ಏರಿಸ್ತಾ ಬಂದ್ರೆ ತಮ್ಮನ ಮುಖದೊಳಗಿಂದ ಅಕ್ಕನ ಮುಖ ಮೇಲೆ ಬರತ್ತೆ, ಮಧ್ಯದಲ್ಲಿ ಒಂದು ಕ್ಷಣ ಎರಡೂ ಸೇರಿ ಯಾರೂ ಅಲ್ಲದ ಮೂರನೇ ಮುಖ ಆಗತ್ತೆ. ಇಬ್ರ ಕಣ್ಣೂ ಒಂದೇ ಎತ್ರಕ್ಕೆ, ಗಾಜಿಂದ ಒಂದೇ ದೂರಕ್ಕೆ ಬರೋ ಹಂಗೆ ಸ್ಟೂಲ್ ಗೀಲ್ ಹಾಕಿ ಅಡ್ಜಸ್ಟ್ ಮಾಡಿ, ಟೈಮ್ ತಿನ್ನೋದು ಇದೇ. ಗಾಜಿನ ಅಂಚಿಗೆಲ್ಲಾ ಟೇಪ್ ಹಾಕಿ, ಇಬ್ರು ಹಿಡ್ಕೊಂಡೇ ಎತ್ತಿ.

ಆಕ್ಟರ್ಸ್‌ಗೆ ಹೆದರೋಕೆ ಬರ್ತಿಲ್ಲ ಅಂದ್ರೆ ಇನ್ನೊಂದು ಉಪಾಯ ಇದೆ. ಇಟಲಿಯ ಉರ್ಬಿನೋ ಯೂನಿವರ್ಸಿಟಿಯ ಜಿಯೊವಾನಿ ಕಪುಟೊ ಅನ್ನೋ ಸಂಶೋಧಕರು 2010ರಲ್ಲಿ ಪ್ರಕಟಿಸಿದ್ದು, ಮಂದ ಬೆಳಕಲ್ಲಿ 50 ಜನನ್ನ 10 ನಿಮಿಷ ಕನ್ನಡಿ ಮುಂದೆ ಕೂರಿಸಿದ್ರು, 66 ಪರ್ಸೆಂಟ್ ಜನಕ್ಕೆ ತಮ್ಮ ಮುಖ ಭಯಂಕರವಾಗಿ ಸೊಟ್ಟ ಆಗಿದ್ದು ಕಾಣಿಸ್ತು, ಎಷ್ಟೋ ಜನಕ್ಕೆ ಗುರುತಿಲ್ಲದ ಮುಖಗಳೂ ಕಂಡ್ವು. ಒಂದೇ ಕಡೆ ದಿಟ್ಟಿಸಿ ನೋಡಿದ್ರೆ ಅಂಚಿನ ವಿವರಗಳು ಮಾಸಿ ಹೋಗೋದು 1804ರಲ್ಲೇ ಟ್ರಾಕ್ಸ್ಲರ್ ಅನ್ನೋ ಡಾಕ್ಟ್ರು ಬರೆದಿಟ್ಟ ವಿಷ್ಯ. ಆಕ್ಟರ್‌ನ ಒಪ್ಪಿಗೆ ತಗೊಂಡು, ಹಿಂದೆ ಸಣ್ಣ ಲೈಟ್ ಇಟ್ಟು, ಹಂಗೇ ಕೂರಿಸಿ ಆಮೇಲೆ ಟೇಕ್ ತಗೊಳಿ, ಮುಖದಲ್ಲಿ ಬರೋದನ್ನ ಹೇಳ್ಕೊಡೋಕೆ ಆಗಲ್ಲ. ಒಂಟಿಯಾಗಿ ಬಿಡ್ಬೇಡಿ, ಇಷ್ಟ ಇಲ್ಲ ಅಂದ್ರೆ ಬಲವಂತನೂ ಬೇಡ.

ಕಲರ್ ವಿಷ್ಯಕ್ಕೆ ಬಂದ್ರೆ, ಪವನ್ ಕುಮಾರ್ ಅವ್ರ ಲೂಸಿಯಾ ನೆನಪಿರತ್ತೆ ಎಲ್ರಿಗೂ, ಒಂದು ಬದುಕು ಕಲರ್‌ನಲ್ಲಿ ಇನ್ನೊಂದು ಬ್ಲಾಕ್ ಅಂಡ್ ವೈಟ್‌ನಲ್ಲಿ. ಆ ಕಥೆಗೆ ಅದು ಸರಿ, ಅಲ್ಲಿ ಎರಡು ಬದುಕು ಪಕ್ಕ ಪಕ್ಕ ಓಡ್ಬೇಕು. ನಮ್ಗೆ ಅದು ಉಲ್ಟಾ, ನೋಡೋನಿಗೆ ಗೆರೆ ಎಲ್ಲಿದೆ ಅಂತ ಗೊತ್ತಾಗ್ಬಾರ್ದು, ಹಾಗಾಗಿ ಭ್ರಮೆ ಶುರುವಾದಾಗ ನೀಲಿ ಲೈಟ್ ಬೇಡ, ಕ್ಯಾಮೆರಾ ಸೊಟ್ಟ ಬೇಡ, ಮಸುಕು ಬೇಡ, ಪಿಟೀಲು ಅಂತೂ ಬೇಡ್ವೇ ಬೇಡ. ಎಲ್ಲಾ ಒಂದೇ ತರ ಶೂಟ್ ಮಾಡಿ. ಆಕ್ಯುಲಸ್‌ನಲ್ಲೂ ದೊಡ್ಡೋರಾದ ಅಕ್ಕ ತಮ್ಮ ಕಾರಿಡಾರ್‌ನಲ್ಲಿ ನಡೀತಿರ್ತಾರೆ, ಅದೇ ಮನೇಲಿ ಅವ್ರ ಚಿಕ್ಕ ವಯಸ್ಸಿನ ರೂಪಗಳೂ ಓಡಾಡ್ತಾ ಇರ್ತವೆ, ಹಿಂದಿಂದು ಇವತ್ತಿಂದು ಅಂತ ಬೇರೆ ಮಾಡೋ ಗುರುತೇ ಹೋಗ್ತಾ ಹೋಗತ್ತೆ. ಸೌಂಡ್‌ಗೆ ಫ್ಯಾನು, ಫ್ರಿಡ್ಜು, ಬೀದಿ ನಾಯಿ ಸಾಕು, ಕನ್ನಡಿ ಹತ್ರ ಬಂದಾಗ ಒಂದೊಂದೇ ಮ್ಯೂಟ್ ಮಾಡಿ.

ಕ್ಲೈಮ್ಯಾಕ್ಸ್ ಬರೆಯೋವಾಗ ಮತ್ತೆ ನಿಮ್ ಮೂರು ಸಾಲಿನ ಹಾಳೆ ತೆಗೀರಿ. ಆಕ್ಯುಲಸ್‌ನಲ್ಲಿ ಕನ್ನಡಿ ಒಡೆಯೋಕೆ ಅಂತ ಅಕ್ಕನೇ ಚಾವಣಿಗೆ ಕಟ್ಟಿದ ಲಂಗರು ಕೊನೆಗೆ ಬೀಳೋದು ಅಕ್ಕನ ಮೇಲೆ, ಬಿಡೋದು ತಮ್ಮ, ಅವನ ಕಣ್ಣಿಗೆ ಅಲ್ಲಿ ಕನ್ನಡಿ ಬಿಟ್ರೆ ಏನೂ ಇರಲ್ಲ. ಪೊಲೀಸರ ಕಣ್ಣಲ್ಲಿ ಇದು ಹುಚ್ಚ ಹುಡುಗ ಅಕ್ಕನ್ನ ಕೊಂದ ಕೇಸು, ಅಷ್ಟೇ. ಎರಡು ಉತ್ತರಾನೂ ಪೂರ್ತಿ ಹೊಂದತ್ತೆ ನೋಡಿ. ಅದು ಕನಸು ಅನ್ನೋದು, ಡಾಕ್ಟರ್ ಬಂದು ಕಾಯಿಲೆ ಹೆಸ್ರು ಹೇಳೋದು, ಇವೆರಡೂ ಮೋಸ, ಮಾಡ್ಬೇಡಿ. ನಮ್ ಉದಾಹರಣೆಗೆ ಆದ್ರೆ, ಬೀರು ಗುಜರಿಯೋರಿಗೆ ಹಾಕ್ಬಿಟ್ಟು ಅಕ್ಕ ತಮ್ಮ ನೆಮ್ಮದಿಯಾಗಿ ಊಟಕ್ಕೆ ಕೂರ್ಲಿ, ಒಳಗಿಂದ ಒಂದು ವಿಷಲ್ ಬರ್ಲಿ, ಇಬ್ರಲ್ಲಿ ಒಬ್ರು ಮಾತ್ರ ತಲೆ ಎತ್ಲಿ.

ಎಡಿಟ್ ಮುಗಿದ್ಮೇಲೆ ಕಥೆ ಗೊತ್ತಿಲ್ಲದ ಇಬ್ರನ್ನ ಬೇರೆ ಬೇರೆ ಕೂರಿಸಿ ತೋರ್ಸಿ. ಹೆಂಗಿದೆ ಅಂತ ಕೇಳ್ಬೇಡಿ, ಎಲ್ರೂ ಚೆನ್ನಾಗಿದೆ ಅಂತಾರೆ. ಏನಾಯ್ತು ಹೇಳಿ ಅಂತ ಕೇಳಿ. ಇಬ್ರೂ ಒಂದೇ ಕಥೆ ಹೇಳಿದ್ರೆ ಎಲ್ಲೋ ಜಾಸ್ತಿ ಬಿಡಿಸಿಟ್ಟಿದೀರ, ಹುಡುಕಿ ಕತ್ತರಿಸಿ. ಇಬ್ರೂ ಏನೂ ಅರ್ಥ ಆಗ್ಲಿಲ್ಲ ಅಂದ್ರೆ ಅಳತೆ ಕೋಲು ಸರಿಯಾಗಿ ಕೊಟ್ಟಿಲ್ಲ, ಮೊದಲನೇ ಕುಕ್ಕರ್ ಸೀನ್ ಇನ್ನೊಂದು ಸ್ವಲ್ಪ ಉದ್ದ ಮಾಡಿ. ಇಬ್ರೂ ಬೇರೆ ಬೇರೆ ಕಥೆ ಹೇಳಿ, ಇಬ್ರೂ ಗ್ಯಾರಂಟಿಯಾಗಿ ಹೇಳಿದ್ರೆ ಅಪ್‌ಲೋಡ್ ಮಾಡ್ಬಿಡಿ.